ಮೈಕ್ರೊಆರ್‌ಎನ್‌ಎ ಮದ್ದು ಮೊದಲು ಬಾಯಿಗೆ ಬರಲಿ

ಬಳ್ಳಾರಿಯ ರಾಯಲ್ ವೃತ್ತದಿಂದ ಕುರುಗೋಡಿನ ಕಡೆಗೋ ಸಿರುಗುಪ್ಪದ ಕಡೆಗೋ ಹೊರಟರೆ, ಪಾನ್ ಮಸಾಲದ ಚೀಟುಗಳು ಸಾಲಾಗಿ ತೂಗದ ಗೂಡಂಗಡಿ ಸಿಗುವುದು ಕಷ್ಟ. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಅಡಿಕೆ ಒಂದು ಚೀಟಿಗೂ ತಂಬಾಕು ಇನ್ನೊಂದು ಚೀಟಿಗೂ ಹಂಚಿಹೋದವು. ಎರಡನ್ನೂ ಅಂಗೈಯಲ್ಲಿ ಬೆರೆಸುವ ಕೆಲಸ ಕೊಂಡವನ ಪಾಲಿಗೆ ಬಂತು. ಅಕ್ಕಿ ಗಿರಣಿಯ ಹಮಾಲರು, ಮೆಣಸಿನಕಾಯಿ ಹೊಲದ ಕೂಲಿಗಳು, ಜೀನ್ಸ್ ಹೊಲಿಯುವವರು, ರಾತ್ರಿಯಿಡೀ ಅದಿರು ಲಾರಿ ಓಡಿಸುವವರು ಹಸಿವು, ನಿದ್ದೆ, ದಣಿವು ಮೂರನ್ನೂ ದೂಡಲು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳುವ ವಸ್ತು ಇದು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 16ರಷ್ಟು ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು. ಗ್ಲೊಬೊಕಾನ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿಗೆ ಹೊಸದಾಗಿ ತುತ್ತಾದವರು ಸುಮಾರು 1 ಲಕ್ಷ 43 ಸಾವಿರ. ಗಂಡಸರ ಕ್ಯಾನ್ಸರುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಈ ರೋಗದ ಮುಂದೆ ನಿಂತು, ಕಳೆದ ಎರಡು ದಶಕಗಳಲ್ಲಿ ಜೀವವಿಜ್ಞಾನ ತುಂಬ ಆಸೆ ಇಟ್ಟುಕೊಂಡಿರುವ ಮೈಕ್ರೊಆರ್‌ಎನ್‌ಎ ಚಿಕಿತ್ಸೆಯನ್ನು ನೋಡಿದರೆ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಆ ಚಿಕಿತ್ಸೆಯನ್ನು ರಕ್ತನಾಳದ ಮೂಲಕ ಇಡೀ ಮೈಗೆ ಹರಿಸಿದಾಗ ಅದು ಎಡವಿದೆ. ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಬಾಯಿಯಲ್ಲಿ ಅದನ್ನು ಮೊದಲು ಪರೀಕ್ಷಿಸಬೇಕಿತ್ತು. ಆ ಪರೀಕ್ಷೆಯನ್ನು ಬೇರೆ ಯಾರೂ ನಮಗಾಗಿ ಮಾಡಿಕೊಡುವುದಿಲ್ಲ.

ಮೈಕ್ರೊಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ತುಣುಕು. ಡಿಎನ್‌ಎಯಲ್ಲಿರುವ ಸೂಚನೆ ಮೊದಲು ಸಂದೇಶವಾಹಕ ಆರ್‌ಎನ್‌ಎಯಾಗಿ ನಕಲಾಗುತ್ತದೆ, ಆ ನಕಲನ್ನು ಓದಿ ಕೋಶ ಪ್ರೋಟೀನ್ ಕಟ್ಟುತ್ತದೆ. ಮೈಕ್ರೊಆರ್‌ಎನ್‌ಎ ತಾನಾಗಿ ಯಾವ ಪ್ರೋಟೀನನ್ನೂ ಕಟ್ಟುವುದಿಲ್ಲ. ಸಂದೇಶವಾಹಕದ ಕೊನೆಯ ಭಾಗದಲ್ಲಿ ತನಗೆ ಹೊಂದುವ ಆರೇಳು ಅಕ್ಷರಗಳನ್ನು ಹುಡುಕಿ, ಅಲ್ಲಿ ಅಂಟಿಕೊಂಡು, ಪ್ರೋಟೀನಿನ ಉತ್ಪಾದನೆಯನ್ನು ತಗ್ಗಿಸುತ್ತದೆ. ಸಿರುಗುಪ್ಪದ ಭತ್ತದ ರೈತರಿಗೆ ಇದನ್ನು ತೂಬಿನ ಮಾತಿನಲ್ಲಿ ಹೇಳಬಹುದು. ತುಂಗಭದ್ರಾ ಜಲಾಶಯದಲ್ಲಿ ನೀರಿದ್ದು, ಕಾಲುವೆ ತುಂಬಿ ಹರಿಯುತ್ತಿದ್ದರೂ, ಗದ್ದೆಗೆ ಎಷ್ಟು ನೀರು ಬರಬೇಕೆಂಬುದು ತೂಬಿನ ಬಾಗಿಲನ್ನು ಎಷ್ಟು ಎತ್ತಿದ್ದಾರೆ ಎಂಬುದರ ಮೇಲೆ ನಿಂತಿದೆ. ಮೈಕ್ರೊಆರ್‌ಎನ್‌ಎಯ ಕೆಲಸವೂ ಅದೇ: ಸೂಚನೆ ಅಳಿಸುವುದಲ್ಲ, ಅದರ ಹರಿವನ್ನು ಹದಕ್ಕೆ ತರುವುದು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರಫ್ಕನ್ ಇದನ್ನು 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡರು. ಏಳು ವರ್ಷ ಅದನ್ನು ಹುಳುವಿನ ವಿಚಿತ್ರವೆಂದೇ ಬಹುಪಾಲು ವಿಜ್ಞಾನಿಗಳು ಬದಿಗಿಟ್ಟಿದ್ದರು. 2000ದಲ್ಲಿ ರಫ್ಕನ್ ಅವರ ತಂಡ ಕಂಡ ಎರಡನೆಯ ಮೈಕ್ರೊಆರ್‌ಎನ್‌ಎ ಮನುಷ್ಯರಲ್ಲೂ ಹಾಗೆಯೇ ಇದೆ ಎಂದು ಗೊತ್ತಾದ ಮೇಲೆ ಎಲ್ಲರ ಕಣ್ಣು ತೆರೆಯಿತು. ಮನುಷ್ಯನ ವಂಶವಾಹಿ ಸಮೂಹದಲ್ಲಿ ಸಾವಿರಕ್ಕೂ ಹೆಚ್ಚು ಮೈಕ್ರೊಆರ್‌ಎನ್‌ಎಗಳಿವೆ. ಆಂಬ್ರೋಸ್, ರಫ್ಕನ್ ಇಬ್ಬರಿಗೂ 2024ರ ಅಕ್ಟೋಬರಿನಲ್ಲಿ ವೈದ್ಯಕೀಯ ನೊಬೆಲ್ ಘೋಷಣೆಯಾಯಿತು.

ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು ಮೊದಲು ಹೊರಬಿದ್ದದ್ದು 2002ರಲ್ಲಿ. ವಯಸ್ಸಾದವರಲ್ಲಿ ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ 13ನೇ ವರ್ಣತಂತುವಿನ ಒಂದು ತುಂಡು ಪದೇ ಪದೇ ಕಳೆದುಹೋಗಿರುತ್ತಿತ್ತು. ಅಲ್ಲಿ ಪ್ರೋಟೀನ್ ಕಟ್ಟುವ ಜೀನ್ ಹುಡುಕಿ ಹುಡುಕಿ ಸೋತಿದ್ದರು. ಕಾರ್ಲೊ ಕ್ರೋಚೆ ಮತ್ತು ಜಾರ್ಜ್ ಕ್ಯಾಲಿನ್ ಅವರ ತಂಡ ಆ ತುಂಡಿನಲ್ಲಿದ್ದದ್ದು ಮಿರ್-15 ಮತ್ತು ಮಿರ್-16 ಎಂಬ ಎರಡು ಮೈಕ್ರೊಆರ್‌ಎನ್‌ಎಗಳು ಎಂದು ತೋರಿಸಿತು. ಅವು ಕಳೆದುಹೋದದ್ದರಿಂದ ಕೋಶಗಳನ್ನು ಸಕಾಲಕ್ಕೆ ಸಾಯಗೊಡುವ ಕಾವಲು ಸಡಿಲಗೊಂಡಿತ್ತು. ಇದರ ಬೆನ್ನಿಗೇ ಇನ್ನೊಂದು ಮುಖವೂ ಕಂಡಿತು. ಕೆಲವು ಮೈಕ್ರೊಆರ್‌ಎನ್‌ಎಗಳು ಕ್ಯಾನ್ಸರಿನಲ್ಲಿ ಅತಿಯಾಗಿ ಹೆಚ್ಚಿ, ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳ ಬಾಯಿಯನ್ನೇ ಮುಚ್ಚಿಸುತ್ತವೆ. ಹಾಗಾಗಿ ಮದ್ದಿನ ಯೋಚನೆಯೂ ಎರಡು ಕವಲಾಯಿತು. ಕಳೆದುಹೋದದ್ದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಕೋಶಕ್ಕೆ ಮರಳಿ ಕೊಡುವುದು ಒಂದು. ಹೆಚ್ಚಾದದ್ದಕ್ಕೆ ಎದುರಾಗಿ ಹೊಂದುವ ತುಣುಕೊಂದನ್ನು ಕೊಟ್ಟು ಅದನ್ನು ಹಿಡಿದುಹಾಕುವುದು ಇನ್ನೊಂದು. ಹೀಗೆ ಹಿಡಿದುಹಾಕುವ ತುಣುಕಿಗೆ ಆಂಟಗೊಮಿರ್ ಎಂದು ಹೆಸರು.

ಕನ್ನಡ ನಾಡಿಗೆ ಈ ಕಥೆ ಬರುವುದು ಎರಡನೆಯ ಕವಲಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರುಣ್ ಕುಮಾರ್ ಅವರ ಪ್ರಯೋಗಾಲಯ, ಕ್ಯಾನ್ಸರ್ ಶಸ್ತ್ರವೈದ್ಯ ಕೆ.ಎಸ್. ಗೋಪಿನಾಥ್ ಮತ್ತಿತರರ ಜೊತೆಗೂಡಿ, ಬಾಯಿಯ ಕ್ಯಾನ್ಸರ್ ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿತು. ಸಿಡಿಸಿ73 ಎಂಬ ಜೀನು ಅವರ ಗುರಿ. ಕೋಶ ವಿಭಜನೆಯನ್ನು ಮುನ್ನೂಕುವ ಸೈಕ್ಲಿನ್ ಡಿ1, ಸಿ-ಮಿಕ್ ಮುಂತಾದವುಗಳನ್ನು ತಡೆದು ನಿಲ್ಲಿಸುವ ಜೀನು ಅದು. ಬಹುಪಾಲು ಗೆಡ್ಡೆಗಳಲ್ಲಿ ಅದರ ಪ್ರೋಟೀನ್ ಕುಸಿದಿತ್ತು. ಜೀನೇ ಕೆಟ್ಟಿರಬಹುದು ಎಂಬುದು ಸಹಜ ಅನುಮಾನ. ಆದರೆ ಕೆಲವು ರೋಗಿಗಳ ಗೆಡ್ಡೆಗಳಲ್ಲಿ ಜೀನು ಒಡೆದಿರಲಿಲ್ಲ, ಕಳೆದುಹೋಗಿರಲಿಲ್ಲ, ರಾಸಾಯನಿಕ ಮುದ್ರೆ ಬಿದ್ದು ಮುಚ್ಚಿಹೋಗಿಯೂ ಇರಲಿಲ್ಲ. ಆ ಗೆಡ್ಡೆಗಳಲ್ಲಿ ಏರಿದ್ದದ್ದು ಮಿರ್-155 ಎಂಬ ಮೈಕ್ರೊಆರ್‌ಎನ್‌ಎ; ಅದೇ ಸಿಡಿಸಿ73ರ ಸಂದೇಶಕ್ಕೆ ಅಂಟಿಕೊಂಡು ಅದನ್ನು ಸುಮ್ಮನಾಗಿಸಿತ್ತು. ತಂಡ ಮಿರ್-155ಕ್ಕೆ ಎದುರಾದ ಆಂಟಗೊಮಿರ್ ಕೊಟ್ಟು ನೋಡಿತು. ಕೋಶಗಳಲ್ಲಿ ಸಿಡಿಸಿ73 ಮತ್ತೆ ಏರಿತು, ಕ್ಯಾನ್ಸರ್ ಕೋಶಗಳು ಸಾಯತೊಡಗಿದವು, ಇಲಿಗಳ ಮೈಯಲ್ಲಿ ಬೆಳೆಸಿದ್ದ ಗೆಡ್ಡೆಗಳು ಎದ್ದು ಕಾಣುವಷ್ಟು ಕುಗ್ಗಿದವು. ಇದು 2013ರಲ್ಲಿ ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿಯಲ್ಲಿ ಪ್ರಕಟವಾಯಿತು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ವರ್ಷವೂ ಅದೇ. ಜೀನು ಕೆಡದೆಯೇ ಮೌನವಾಗಿದ್ದರೆ ಅದನ್ನು ಮತ್ತೆ ಮಾತಾಡಿಸಬಹುದು; ಈ ಸಂಶೋಧನೆಯ ನಿಜವಾದ ತೂಕ ಅಲ್ಲಿದೆ.

ಇಲ್ಲಿ ಉತ್ಸಾಹಕ್ಕೆ ಲಗಾಮು ಹಾಕಲೇಬೇಕು. ಇಲಿಯಲ್ಲಿ ಕುಗ್ಗಿದ ಗೆಡ್ಡೆ ಮನುಷ್ಯನಲ್ಲಿ ಕುಗ್ಗುತ್ತದೆಂಬ ಖಾತ್ರಿ ಇಲ್ಲ. ಆ ಇಲಿಗಳಿಗೆ ರೋಗನಿರೋಧಕ ಶಕ್ತಿಯೇ ಇಲ್ಲದಂತೆ ಮಾಡಿರುತ್ತಾರೆ. ಆ ಪ್ರಯೋಗದಲ್ಲಿ ಗೆಡ್ಡೆ ಬೆಳೆಸಲು ಬಳಸಿದ್ದು ಕೆಬಿ ಎಂಬ ಕೋಶವಂಶ. ಅದು ಬಾಯಿಯ ಕ್ಯಾನ್ಸರಿನದು ಎಂದೇ ದಶಕಗಳ ಕಾಲ ಪ್ರಪಂಚದ ಪ್ರಯೋಗಾಲಯಗಳು ನಂಬಿದ್ದವು. ಗರ್ಭಕೊರಳಿನ ಕ್ಯಾನ್ಸರಿನಿಂದ ಬಂದ ಹೀಲಾ ಕೋಶಗಳು ಅದರಲ್ಲಿ ಸೇರಿಕೊಂಡು ಮೂಲವನ್ನು ನುಂಗಿಹಾಕಿವೆ ಎಂಬುದು ಈಗ ಒಪ್ಪಿತ ಸಂಗತಿ. ಆದ್ದರಿಂದ ಬೆಂಗಳೂರಿನ ಸಂಶೋಧನೆಯಲ್ಲಿ ನನಗೆ ಗಟ್ಟಿಯಾಗಿ ಕಾಣುವುದು ರೋಗಿಗಳ ಗೆಡ್ಡೆಗಳಿಂದಲೇ ಬಂದ ಸಾಕ್ಷ್ಯ. ಇಲಿಯ ಸಾಕ್ಷ್ಯವನ್ನು ಬಾಯಿಯಿಂದಲೇ ತೆಗೆದ ಕೋಶಗಳಲ್ಲಿ ಮತ್ತೆ ಮತ್ತೆ ತೂಗಿ ನೋಡಬೇಕು. ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಸಣ್ಣದಲ್ಲ. ನಮ್ಮ ಜನರ ಬಾಯಿಯ ಗೆಡ್ಡೆಯಲ್ಲಿ, ನಮ್ಮದೇ ಪ್ರಯೋಗಾಲಯ, ಮದ್ದು ತಾಗಿಸಬಹುದಾದ ಜಾಗವೊಂದನ್ನು ಗುರುತಿಸಿದೆ.

ಈ ನಡುವೆ ಹೊರಗಿನ ಜಗತ್ತು ಮನುಷ್ಯರ ಮೇಲಿನ ಪ್ರಯೋಗಕ್ಕೆ ಇಳಿದಾಗಿತ್ತು. ಅಮೆರಿಕದ ಟೆಕ್ಸಾಸ್‌ನ ಮಿರ್ನಾ ಥೆರಪ್ಯೂಟಿಕ್ಸ್ ಎಂಬ ಕಂಪನಿ ಮಿರ್-34ಎಯ ನಕಲನ್ನು ಕೊಬ್ಬಿನ ಕಿರುಗುಳಿಗೆಗಳಲ್ಲಿ ತುಂಬಿ, ಎಂಆರ್‌ಎಕ್ಸ್34 ಎಂಬ ಹೆಸರಿನಲ್ಲಿ 2013ರಲ್ಲಿ ರೋಗಿಗಳಿಗೆ ಕೊಡಲು ಆರಂಭಿಸಿತು. ಮೈಕ್ರೊಆರ್‌ಎನ್‌ಎಯನ್ನೇ ಕ್ಯಾನ್ಸರಿಗೆ ಮದ್ದಾಗಿ ಕೊಟ್ಟ ಮೊದಲ ಪ್ರಯೋಗ ಅದು. ಮಿರ್-34 ಅಂದರೆ ಕ್ಯಾನ್ಸರ್ ತಡೆಯುವ ಜೀನುಗಳಲ್ಲೇ ಪ್ರಮುಖವಾದ ಪಿ53ರ ಬಲಗೈ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಯಕೃತ್ತಿನ ಕ್ಯಾನ್ಸರ್, ಮೆಲನೋಮ, ಮೂತ್ರಪಿಂಡದ ಕ್ಯಾನ್ಸರ್ ಮೊದಲಾದವು ಮುಂದುವರಿದ ಹಂತ ತಲುಪಿದ್ದ 85 ರೋಗಿಗಳಿಗೆ ರಕ್ತನಾಳದ ಮೂಲಕ ಮದ್ದು ಹರಿಯಿತು. ಮೂವರಲ್ಲಿ ಗೆಡ್ಡೆ ಗಮನಾರ್ಹವಾಗಿ ಕುಗ್ಗಿತು, 16 ಮಂದಿಯಲ್ಲಿ ಕೆಲಕಾಲ ಬೆಳೆಯದೆ ನಿಂತಿತು. ಆದರೆ ಹಲವರ ರೋಗನಿರೋಧಕ ವ್ಯವಸ್ಥೆ ಕೆರಳಿತು. ನಾಲ್ವರು ಅದರ ಪರಿಣಾಮವಾಗಿ ಪ್ರಾಣ ಕಳೆದುಕೊಂಡರು. 2016ರ ಸೆಪ್ಟೆಂಬರಿನಲ್ಲಿ ಪ್ರಯೋಗ ನಿಂತಿತು. ಮೈಕ್ರೊಆರ್‌ಎನ್‌ಎ ಚಿಕಿತ್ಸೆಯ ಬಗ್ಗೆ ಬರೆಯುವ ಯಾರೂ ಈ ನಾಲ್ಕು ಸಾವುಗಳನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಗೆಡ್ಡೆಯೊಳಗೆ ಸೇರಬೇಕಿದ್ದ ಅಣು ಮೈಯೆಲ್ಲ ಹರಡಿ, ರಕ್ಷಣೆಯ ಕೋಶಗಳನ್ನೂ ತಟ್ಟಿ, ವೈರಾಣು ಬಂತೆಂಬಂತೆ ದೇಹವನ್ನು ಎಬ್ಬಿಸಿದ್ದನ್ನು ಅವು ಹೇಳುತ್ತವೆ.

ಉಳಿದೆರಡು ಪ್ರಯೋಗಗಳು ಇಷ್ಟು ದುರಂತವಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಕಲ್ನಾರಿನ ದೂಳಿನಿಂದ ಬರುವ ಎದೆಪೊರೆಯ ಕ್ಯಾನ್ಸರಿಗೆ, ಮಿರ್-16ನ್ನು ಹೋಲುವ ಅಣುವನ್ನು ಬ್ಯಾಕ್ಟೀರಿಯಾದಿಂದ ಪಡೆದ ಚೀಲಗಳಲ್ಲಿ ತುಂಬಿ ಕೊಟ್ಟರು. 2017ರಲ್ಲಿ ಬಂದ ವರದಿಯ ಪ್ರಕಾರ, ಅಳೆಯಲು ಸಾಧ್ಯವಾದ 22 ರೋಗಿಗಳಲ್ಲಿ ಒಬ್ಬರಿಗೆ ಗೆಡ್ಡೆ ಕುಗ್ಗಿತು, 15 ಮಂದಿಗೆ ಸ್ಥಿರವಾಗಿ ನಿಂತಿತು. ಇನ್ನೊಂದು ನಮಗೆ ತುಂಬ ಹತ್ತಿರದ್ದು: ಅಮೆರಿಕದ ಮಿರಾಜೆನ್ ಕಂಪನಿಯ ಕೊಬೊಮಾರ್ಸೆನ್. ಅದು ಮಿರ್-155ನ್ನೇ ಹಿಡಿದುಹಾಕುವ ಮದ್ದು. ಬೆಂಗಳೂರಿನ ತಂಡ ಬಾಯಿಯ ಗೆಡ್ಡೆಯಲ್ಲಿ ಕಂಡ ಅದೇ ಅಣು. ಚರ್ಮಕ್ಕೆ ಇಳಿಯುವ ಒಂದು ಬಗೆಯ ಲಿಂಫೋಮ ರೋಗಿಗಳಲ್ಲಿ ಅದನ್ನು ಪ್ರಯೋಗಿಸಿದರು. ಎರಡನೇ ಹಂತ ತಲುಪಿದ ಆ ಪ್ರಯೋಗ 2020ರಲ್ಲಿ ನಿಂತದ್ದು ಕಂಪನಿಯ ವ್ಯವಹಾರದ ಕಾರಣಕ್ಕೆ. ಅಂದರೆ ಅಪರೂಪದ ರೋಗವೊಂದರ ಮೇಲೆ ನಡೆದ ಪ್ರಯೋಗ ವ್ಯವಹಾರದ ಲೆಕ್ಕದಲ್ಲಿ ನೆಲ ಕಚ್ಚಿತು; ಭಾರತದಲ್ಲಿ ಲಕ್ಷಾಂತರ ಜನರ ಬಾಯಿಯನ್ನು ತಿನ್ನುತ್ತಿರುವ ರೋಗದ ಕಡೆಗೆ ಆ ಮದ್ದು ತಿರುಗಲೇ ಇಲ್ಲ. ಕಂಪನಿಗಳನ್ನು ದೂರಿ ಇಲ್ಲಿ ಫಲವಿಲ್ಲ. ತಮ್ಮೂರಿನ ರೋಗಕ್ಕೆ, ತಮ್ಮ ವಿಮೆ ಭರಿಸುವ ರೋಗಕ್ಕೆ ಅವರು ಮೊದಲು ಮದ್ದು ಹುಡುಕುತ್ತಾರೆ. ನಮ್ಮ ರೋಗಕ್ಕೆ ನಾವು ಹುಡುಕಿಕೊಳ್ಳಬೇಕು.

ಈಗ ಬಾಯಿಯ ವಿಷಯಕ್ಕೆ ಬರೋಣ. ಯಕೃತ್ತಿನ ಗೆಡ್ಡೆಗೆ ಮದ್ದು ತಲುಪಬೇಕಾದರೆ ರಕ್ತದಲ್ಲಿ ಸುತ್ತಿ ಬರಲೇಬೇಕು. ಬಾಯಿಯ ಬಿಳಿ ಮಚ್ಚೆಗೆ, ಕೆನ್ನೆಯ ಒಳಗಿನ ಹುಣ್ಣಿಗೆ ಹಾಗಲ್ಲ. ಸಣ್ಣ ಸೂಜಿಯಿಂದ ಅಲ್ಲೇ ಚುಚ್ಚಬಹುದು, ಒಸಡಿಗೆ ಅಂಟುವ ಪಟ್ಟಿಯಲ್ಲಿ ಇಡಬಹುದು. ಅಷ್ಟು ಸಣ್ಣ ಜಾಗಕ್ಕೆ ಸಾಕಾಗುವ ಮದ್ದಿನ ಪ್ರಮಾಣ ಇಡೀ ಮೈಗೆ ಬೇಕಾದ್ದರ ಒಂದು ಚೂರು. ಕೆರಳಿಕೆ ಉಂಟಾದರೂ ವೈದ್ಯರ ಕಣ್ಣೆದುರೇ ಉಂಟಾಗುತ್ತದೆ, ಮದ್ದು ನಿಲ್ಲಿಸಬಹುದು. ಫಲ ಸಿಕ್ಕಿದೆಯೇ ಎಂದು ನೋಡಲು ಕನ್ನಡಿ ಮತ್ತು ಚಿಕ್ಕ ಬಯಾಪ್ಸಿ ಸಾಕು. ಈ ಕೈಚಳಕ ನಮಗೆ ಹೊಸದೂ ಅಲ್ಲ. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ಎರಡು ಬೆರಳಷ್ಟೂ ತೆರೆಯದಂತಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಕ್ಕೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕೆನ್ನೆಯ ಒಳಗೇ ಸ್ಟೀರಾಯ್ಡ್, ಹಯಲ್ಯುರಾನಿಡೇಸ್ ಚುಚ್ಚುವುದು ಬಹುಕಾಲದ ಪದ್ಧತಿ. ಗೆಡ್ಡೆಗೆ ನೇರವಾಗಿ ಚುಚ್ಚುವ ಜೀನ್ ಮದ್ದಿಗೂ ಮಾದರಿಗಳಿವೆ: ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಚೀನಾ 2003ರಲ್ಲಿ ಪಿ53 ಹೊತ್ತ ವೈರಾಣು ಮದ್ದನ್ನು ಒಪ್ಪಿತು, ಮೆಲನೋಮಕ್ಕೆ ಅಮೆರಿಕ 2015ರಲ್ಲಿ ಚುಚ್ಚಿ ಕೊಡುವ ವೈರಾಣು ಮದ್ದನ್ನು ಒಪ್ಪಿತು. ಚೀನಾದ ಮದ್ದಿನ ಫಲದ ಬಗ್ಗೆ ತಜ್ಞರಲ್ಲಿ ತಕರಾರಿದೆ, ಆದರೆ ನೇರವಾಗಿ ಚುಚ್ಚುವ ದಾರಿ ಆಗದ ಮಾತಲ್ಲ ಎಂಬುದಕ್ಕೆ ಎರಡೂ ಸಾಕ್ಷಿ.

ಇನ್ನೂ ಬಲವಾದ ಕಾರಣವೊಂದಿದೆ. ಬಾಯಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಮರಳಿ ಬರುವುದು ಹೆಚ್ಚಾಗಿ ಅದೇ ಬಾಯಲ್ಲಿ, ಅದೇ ಕುತ್ತಿಗೆಯಲ್ಲಿ. ತಂಬಾಕು ಮತ್ತು ಅಡಿಕೆಯ ರಸ ವರ್ಷಗಟ್ಟಲೆ ನೆನೆಸಿದ ಬಾಯಿಯ ಒಳಪದರ ಒಂದು ಚುಕ್ಕೆಯಲ್ಲಿ ಮಾತ್ರ ಕೆಟ್ಟಿರುವುದಿಲ್ಲ. ಕಣ್ಣಿಗೆ ಆರೋಗ್ಯವಾಗಿ ಕಾಣುವ ಭಾಗದಲ್ಲೂ ಕೋಶಗಳು ಅರ್ಧ ದಾರಿ ಸಾಗಿರುತ್ತವೆ. ಡ್ಯಾನ್ಲಿ ಸ್ಲಾಟರ್ ಮತ್ತು ಸಂಗಡಿಗರು ಇದನ್ನು 1953ರಷ್ಟು ಹಿಂದೆಯೇ ಗುರುತಿಸಿದ್ದರು. ಶಸ್ತ್ರವೈದ್ಯರು ಗೆಡ್ಡೆಯನ್ನೂ ಅದರ ಸುತ್ತ ಸೆಂಟಿಮೀಟರಿನಷ್ಟು ಅಂಚನ್ನೂ ತೆಗೆಯಬಲ್ಲರು, ಇಡೀ ಒಳಪದರವನ್ನು ತೆಗೆಯಲಾರರು. ಹಾಗೆ ಉಳಿದುಹೋದ, ಅರ್ಧ ಕೆಟ್ಟ ಒಳಪದರವನ್ನು ಸರಿಪಡಿಸಲು ಇವತ್ತು ನಮ್ಮ ಬಳಿ ಏನೂ ಇಲ್ಲ. ನೋಡುತ್ತ ಕಾಯುವುದೊಂದೇ ದಾರಿ. ಜೀನನ್ನು ಕತ್ತರಿಸದೆ, ಅದರ ಹರಿವನ್ನು ಮಾತ್ರ ಹದಕ್ಕೆ ತರುವ ಮದ್ದಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಸಾರ್ವಜನಿಕ ಆರೋಗ್ಯದ ಕಡೆಯಿಂದ, ಅದು ನ್ಯಾಯವಾದದ್ದೇ. ಚೀಟು ಮಾರುವುದನ್ನು ನಿಲ್ಲಿಸಿದರೆ ರೋಗವೇ ಕಡಿಮೆಯಾಗುವಾಗ, 22 ಅಕ್ಷರದ ಅಣುವಿನ ಹಿಂದೆ ಹಣ ಸುರಿಯುವುದೇಕೆ? ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನ ಇನ್ನೂ ನೇರವಾಗಿ ಕೇಳುತ್ತದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರೀ ಬೆಳಕು ಬಿಟ್ಟು ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತು ಎಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆ ವರದಿ ಮಾಡಿತು. 30 ದಾಟಿದವರ ಬಾಯಿ ನೋಡುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮಲ್ಲೂ ಇದೆ. ಅದು ಕುರುಗೋಡಿನ, ಸಿರುಗುಪ್ಪದ ಪ್ರತಿ ಹಳ್ಳಿಯಲ್ಲೂ ಶ್ರದ್ಧೆಯಿಂದ ನಡೆದರೆ ಯಾವ ಅಣುವಿಗಿಂತಲೂ ಹೆಚ್ಚು ಜೀವ ಉಳಿಸುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತಪಾಸಣೆ ಹಚ್ಚಿದಷ್ಟೂ ಒಂದು ಹೊಸ ಪ್ರಶ್ನೆ ಎದುರಾಗುತ್ತದೆ. ಬಿಳಿ ಮಚ್ಚೆ ಕಂಡ ಎಲ್ಲರಿಗೂ ಕ್ಯಾನ್ಸರ್ ಆಗುವುದಿಲ್ಲ, ಆಗುವವರು ಯಾರೆಂದು ಕಣ್ಣಳತೆಯಲ್ಲಿ ಹೇಳಲಾಗದು. ಎಲ್ಲರದ್ದನ್ನೂ ಕತ್ತರಿಸುವುದು ಕ್ರೌರ್ಯ, ಎಲ್ಲರನ್ನೂ ಕಾಯಿಸುವುದು ಅಪಾಯ. ಚಟ ಬಿಟ್ಟ ಮೇಲೂ ಹಿಂದಿನ ಹಾನಿ ಬಾಯಿಯಲ್ಲಿ ಉಳಿದಿರುತ್ತದೆ. ತಪಾಸಣೆ ಕಂಡುಹಿಡಿದವರಿಗೆ ಕೊಡಲು ಕೈಯಲ್ಲಿ ಏನಾದರೂ ಇರಬೇಕು. ತಡೆಗಟ್ಟುವಿಕೆ ಮತ್ತು ಮದ್ದು ಒಂದೇ ಹಣಕ್ಕೆ ಜಗಳವಾಡುವ ಸವತಿಯರಲ್ಲ.

ಎರಡನೆಯ ಆಕ್ಷೇಪ ಜೀವವಿಜ್ಞಾನದೊಳಗಿನದು, ನನಗೆ ಕಾಣುವಂತೆ ಎಲ್ಲಕ್ಕಿಂತ ಬಿಗಿಯಾದದ್ದು. ಒಂದು ಮೈಕ್ರೊಆರ್‌ಎನ್‌ಎ ಒಂದೇ ಜೀನಿನ ಮೇಲೆ ಕೆಲಸ ಮಾಡುವುದಿಲ್ಲ. ನೂರಾರು ಸಂದೇಶಗಳಿಗೆ ಅಂಟಬಲ್ಲದು. ಅದನ್ನು ಏರಿಸಿದರೂ ಇಳಿಸಿದರೂ ಎಲ್ಲೆಲ್ಲಿ ಏನಾಗುತ್ತದೆಂದು ಮೊದಲೇ ಹೇಳುವುದು ಕಷ್ಟ. ಮಿರ್-155ರ ವಿಷಯದಲ್ಲಂತೂ ಈ ಭಯ ಊಹೆಯದ್ದಲ್ಲ. ಅದು ಇಲ್ಲದಂತೆ ಬೆಳೆಸಿದ ಇಲಿಗಳು ಸೋಂಕು ಎದುರಿಸಲಾರದೆ ಸೊರಗುತ್ತವೆ ಎಂದು 2007ರಲ್ಲೇ ಗೊತ್ತಾಯಿತು. ಗೆಡ್ಡೆಯ ವಿರುದ್ಧ ಹೋರಾಡುವ ಟಿ ಕೋಶಗಳಿಗೂ ಅದೇ ಮಿರ್-155 ಬೇಕು. ಹಾಗಿದ್ದರೆ ಕ್ಯಾನ್ಸರ್ ಕೋಶದಲ್ಲಿ ಅದನ್ನು ಅಡಗಿಸಲು ಹೋಗಿ ಕಾವಲುಗಾರನ ಕೈಯನ್ನೂ ಕಟ್ಟಿಹಾಕಿದಂತಾಗುವುದಿಲ್ಲವೇ? ಆಗಬಹುದು. ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಲ್ಲಿ ಬಂದ ಒಳ್ಳೆಯ ಫಲ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಮದ್ದನ್ನು ಜಾಗದಲ್ಲೇ ಕೊಡುವುದರಿಂದ ಉಳಿದ ದೇಹದ ರಕ್ಷಣೆ ಉಳಿಯುತ್ತದೆ, ಆದರೆ ಗೆಡ್ಡೆಯೊಳಗಿನ ರಕ್ಷಣಾಕೋಶಗಳು ಉಳಿಯಬೇಕಾದರೆ ಮದ್ದು ಕ್ಯಾನ್ಸರ್ ಕೋಶವನ್ನು ಹೆಸರು ಹಿಡಿದು ಹುಡುಕಬೇಕು. ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಚೀಲದ ಹೊರಗೆ ಇಜಿಎಫ್‌ಆರ್ ಎಂಬ ಗುರುತನ್ನು ಹಿಡಿಯುವ ಪ್ರತಿಕಾಯ ಅಂಟಿಸಿದ್ದರು. ಬಾಯಿಯ ಗೆಡ್ಡೆಗಳಲ್ಲೂ ಅದೇ ಗುರುತು ಹೇರಳವಾಗಿ ಇರುವುದರಿಂದ ಆ ಉಪಾಯ ಇಲ್ಲಿಗೂ ಹೊಂದುತ್ತದೆ. ನೂರಾರು ಗುರಿಗಳ ಬಗ್ಗೆ ಇನ್ನೊಂದು ಮಾತು. ಒಂದೇ ಗುರಿಗೆ ಹೊಡೆಯುವ ಮದ್ದುಗಳಿಂದ ಕ್ಯಾನ್ಸರ್ ಬದಿಯ ಹಾದಿ ಹಿಡಿದು ತಪ್ಪಿಸಿಕೊಳ್ಳುವುದನ್ನು ವೈದ್ಯರು ದಿನವೂ ನೋಡುತ್ತಾರೆ. ಹಲವು ಹಾದಿಗಳನ್ನು ಒಟ್ಟಿಗೆ ತಗ್ಗಿಸುವ ಅಣುವಿನಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಅಪಾಯ ಮತ್ತು ಆಸೆ ಎರಡೂ ಒಂದೇ ಗುಣದಿಂದ ಹುಟ್ಟಿವೆ. ಎಚ್ಚರದ ಪ್ರಯೋಗವಿಲ್ಲದೆ ಯಾವುದು ಹೆಚ್ಚೆಂದು ತೀರ್ಮಾನಿಸಲಾಗದು.

ಮೂರನೆಯ ಆಕ್ಷೇಪ ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲೇ ಸಿಗುತ್ತದೆ. ಜನ ಬರುವುದೇ ತಡವಾಗಿ. ಹುಣ್ಣು ದವಡೆಯ ಎಲುಬಿಗೆ ಇಳಿದು, ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ ಬಂದವರಿಗೆ ಜಾಗದಲ್ಲಿ ಚುಚ್ಚುವ ಮದ್ದಿನಿಂದ ಏನಾದೀತು? ಏನೂ ಆಗದು, ಇದನ್ನು ಮುಚ್ಚಿಡುವುದು ತಪ್ಪು. ಅಂಥವರಿಗೆ ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೊಥೆರಪಿಯೇ ಇವತ್ತಿನ ದಾರಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ, ಹುಬ್ಬಳ್ಳಿಯ ಕ್ಯಾನ್ಸರ್ ಸಂಸ್ಥೆಯೋ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ತಲುಪುವ ಬೆಂಗಳೂರಿನ ಕಿದ್ವಾಯಿಯೋ, ಎಲ್ಲಿ ಬೇಗ ಆಗುತ್ತದೋ ಅಲ್ಲಿ ಆಗಬೇಕು. ಜಗತ್ತಿನಲ್ಲಿ ಎಲ್ಲಿಯೂ ಕ್ಯಾನ್ಸರಿಗೆ ಮೈಕ್ರೊಆರ್‌ಎನ್‌ಎ ಮದ್ದು ಅನುಮೋದನೆ ಪಡೆದು ಮಾರಾಟಕ್ಕೆ ಬಂದಿಲ್ಲ. ಬಂದಿದೆ ಎಂದು ಹೇಳಿ ಯಾರಾದರೂ ಹಣ ಕೇಳಿದರೆ ಅದು ಮೋಸ. ಜಾಗದ ಮದ್ದು ಯಾರಿಗೆ ಎಂಬುದು ಹೀಗೆ ತಾನಾಗಿ ಗೆರೆ ಎಳೆದುಕೊಳ್ಳುತ್ತದೆ: ಬಿಳಿ ಮತ್ತು ಕೆಂಪು ಮಚ್ಚೆಗಳಿರುವವರು, ಸಣ್ಣ ಗೆಡ್ಡೆ ತೆಗೆಸಿಕೊಂಡು ಮರಳಿ ಬರುವ ಭಯದಲ್ಲಿರುವವರು. ಅದು ಸಣ್ಣ ಗುಂಪಲ್ಲ.

ವೆಚ್ಚದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯ ದರವನ್ನು ಬಡವರ ಕೈಗೆಟುಕುವಂತೆ ಇಳಿಸಿತು. ಪುಣೆಯ ಜೆನೋವಾ 2022ರಲ್ಲಿ ಸಂದೇಶವಾಹಕ ಆರ್‌ಎನ್‌ಎ (ಎಂಆರ್‌ಎನ್‌ಎ) ಲಸಿಕೆಯನ್ನು ಕೊಬ್ಬಿನ ನ್ಯಾನೊಕಣಗಳ ಆಸರೆಯಲ್ಲಿ ಸಿದ್ಧಪಡಿಸಿ ತುರ್ತು ಬಳಕೆಯ ಅನುಮತಿ ಪಡೆಯಿತು. ಆರ್‌ಎನ್‌ಎಯನ್ನು ಪೊಟ್ಟಣ ಕಟ್ಟುವ ವಿದ್ಯೆ ದೇಶದೊಳಗೇ ಇದೆ ಎಂದಾಯಿತು. ಐಐಟಿ ಬಾಂಬೆಯಲ್ಲಿ ಹುಟ್ಟಿ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ಕಾರ್-ಟಿ ಎಂಬ ಕ್ಯಾನ್ಸರ್ ಕೋಶ ಚಿಕಿತ್ಸೆ, ಹೊರದೇಶದಲ್ಲಿ ಕೋಟಿಗಟ್ಟಲೆ ತಗಲುವುದನ್ನು ಅದರ ಸಣ್ಣ ಪಾಲಿಗೆ ತಂದಿದೆ, ಆದರೂ ಲಕ್ಷಗಳ ಲೆಕ್ಕದಲ್ಲೇ ಇದೆ. ಕೆಲವೇ ಹನಿಯಷ್ಟು ಬೇಕಾಗುವ ಬಾಯಿಯ ಮದ್ದು ಅದಕ್ಕಿಂತ ಬಹಳ ಅಗ್ಗವಾಗದಿರಲು ಕಾರಣ ಕಾಣುವುದಿಲ್ಲ.

ಹೊರಗಿನ ಮದ್ದನ್ನೇ ತಂದು ಬಳಸಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ರೋಗದ ಸ್ವರೂಪದಲ್ಲೇ ಇದೆ. ಪಶ್ಚಿಮದ ದೇಶಗಳಲ್ಲಿ ಹೆಚ್ಚುತ್ತಿರುವುದು ಎಚ್‌ಪಿವಿ ವೈರಾಣುವಿನಿಂದ ಗಂಟಲಿನ ಭಾಗದಲ್ಲಿ ಬರುವ ಕ್ಯಾನ್ಸರ್. ನಮ್ಮದು ತಂಬಾಕು ಇಟ್ಟ ಜಾಗದ್ದು, ಕೆನ್ನೆ ಮತ್ತು ಒಸಡು ಕೂಡುವ ಸಂದಿಯದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಈ ಕ್ಯಾನ್ಸರನ್ನೇ ತನ್ನ ಪಾಲಾಗಿ ಆರಿಸಿಕೊಂಡು, ಅದರ ಜೀನ್ ಬದಲಾವಣೆಗಳ ಮೊದಲ ನಕ್ಷೆಯನ್ನು 2013ರಲ್ಲಿ ಪ್ರಕಟಿಸಿತು. ಕೋಲ್ಕತ್ತದ ತಂಡವೊಂದು ಮರುವರ್ಷ ಅದೇ ಕ್ಯಾನ್ಸರಿನಲ್ಲಿ ಏರುಪೇರಾದ ಏಳು ಮೈಕ್ರೊಆರ್‌ಎನ್‌ಎಗಳನ್ನು ಪಟ್ಟಿ ಮಾಡಿ, ಕ್ಯಾನ್ಸರಿಗೆ ಮುಂಚಿನ ಮಚ್ಚೆಗಳಲ್ಲೂ ಅವು ಹೇಗಿವೆ ಎಂದು ಹುಡುಕಿತು. ಬೆಂಗಳೂರು ಒಂದು ಅಣುವನ್ನು ಆಳವಾಗಿ ನೋಡಿತು, ಕೋಲ್ಕತ್ತ ಹಲವನ್ನು ಅಗಲವಾಗಿ ನೋಡಿತು. ಎರಡನ್ನೂ ಜೋಡಿಸುವ ಕೊಂಡಿ, ಅಂದರೆ ಇಂಥ ಮಚ್ಚೆ ಇಷ್ಟು ವರ್ಷಗಳ ನಂತರ ಕ್ಯಾನ್ಸರಾಯಿತು, ಇಂಥದ್ದು ಆಗಲಿಲ್ಲ ಎಂಬ ಲೆಕ್ಕ, ದೊಡ್ಡ ಪ್ರಯೋಗಾಲಯಗಳಲ್ಲಿ ಹುಟ್ಟುವುದಿಲ್ಲ. ಅದು ರೋಗಿಗಳು ಇರುವ ಊರಿನಲ್ಲಿ ಹುಟ್ಟಬೇಕು.

ಆ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಬಳ್ಳಾರಿಯಂಥ ಊರಿನಲ್ಲೇ ಇದೆ ಎಂಬುದು ನನ್ನ ಕೊನೆಯ ಮಾತು. ಉದ್ದನೆಯ ಆರ್‌ಎನ್‌ಎ ಬೇಗ ಚೂರಾಗುತ್ತದೆ. ಮೈಕ್ರೊಆರ್‌ಎನ್‌ಎ ಮೊದಲೇ ಗಿಡ್ಡದಾದ್ದರಿಂದ ಫಾರ್ಮಲಿನ್ ಹಾಕಿ ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ತುಣುಕಿನಲ್ಲಿ ವರ್ಷಗಳ ನಂತರವೂ ಉಳಿದಿರುತ್ತದೆ, ಅಳೆಯಲು ಸಿಗುತ್ತದೆ. ವೈದ್ಯಕೀಯ ಕಾಲೇಜುಗಳ ಮತ್ತು ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳ ಪೆಥಾಲಜಿ ವಿಭಾಗಗಳಿಗೆ ಇಂಥ ಮೇಣದ ಬ್ಲಾಕುಗಳು ದಿನನಿತ್ಯದ ವಸ್ತು. ಬಯಾಪ್ಸಿ ಕೊಟ್ಟವರ ಊರು, ಚಟ, ಮುಂದೆ ಏನಾಯಿತು ಎಂಬ ಮೂರು ಮಾಹಿತಿ ಪ್ರತಿ ಬ್ಲಾಕಿಗೂ ಜೊತೆಯಾದರೆ, ಬಿಳಿ ಮಚ್ಚೆಗಳಲ್ಲಿ ಯಾವುದರಲ್ಲಿ ಮಿರ್-155 ಮೊದಲೇ ಏರಿತ್ತು, ಯಾವುದರಲ್ಲಿ ಸಿಡಿಸಿ73 ಮೊದಲೇ ಕುಸಿದಿತ್ತು ಎಂದು ಹಿಂತಿರುಗಿ ನೋಡಬಹುದು. ಇದಕ್ಕೆ ಹೊಸ ಮದ್ದು ಬೇಡ, ದೊಡ್ಡ ಕಟ್ಟಡ ಬೇಡ. ಬೇಕಾದದ್ದು ನಾಲ್ಕೈದು ವರ್ಷ ಬೇಸರಿಸದೆ ರಿಜಿಸ್ಟರ್ ಬರೆಯುವವರು, ಆಶಾ ಕಾರ್ಯಕರ್ತೆಯರ ಮೂಲಕ ರೋಗಿಯ ಮನೆಗೆ ಹೋಗಿ ವಿಚಾರಿಸುವ ವ್ಯವಸ್ಥೆ, ಅಳತೆಯ ಕೆಲಸಕ್ಕೆ ಬೆಂಗಳೂರಿನ ಪ್ರಯೋಗಾಲಯವೊಂದರ ಜೊತೆ ಕರಾರು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಪ್ರಯೋಗದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆನ್ನುತ್ತವೆ. ನಾಳೆ ಮಿರ್-155 ತಡೆಯುವ ಪಟ್ಟಿಯೋ ಚುಚ್ಚುಮದ್ದೋ ಬಾಯಿಯ ಪ್ರಯೋಗಕ್ಕೆ ಸಿದ್ಧವಾದಾಗ, ಸಿರುಗುಪ್ಪದ ಹಮಾಲರಿಗೆ ಆ ದಿನದ ಕೂಲಿ ಮತ್ತು ಬಸ್ ಖರ್ಚು ಕೊಟ್ಟು, ಕನ್ನಡದಲ್ಲೂ ಗಡಿಯ ಹಳ್ಳಿಗಳಿಗೆ ತೆಲುಗಿನಲ್ಲೂ ವಿವರಿಸಿ ಹೇಳಿ, ಬಳ್ಳಾರಿಯಲ್ಲೇ ಒಂದು ಪ್ರಯೋಗ ಕೇಂದ್ರ ತೆರೆಯಲು ಆ ರಿಜಿಸ್ಟರ್ ಸಾಕಷ್ಟು ಆಧಾರವಾಗುತ್ತದೆ.